ಹಳದಿ ಚೀಲ

ನಮ್ಮ ರಕ್ತಭಂಡಾರದ ಮೂಲೆಯಲ್ಲೊಂದು ತಟ್ಟೆ
ಹಗಲೂ ರಾತ್ರಿ ತೂಗುತ್ತಿರುತ್ತದೆ.
ಮಗುವಿಲ್ಲ ಅದರಲ್ಲಿ. ಹುಲ್ಲುಹಳದಿ ನೀರಿನ ಚೀಲ,
ಆ ರಾತ್ರಿ ಒಂದೇ ಒಂದು.
ತೂಗುವುದು ನಿಂತರೆ ಪ್ಲೇಟ್‌ಲೆಟ್ಟುಗಳು
ಒಂದನ್ನೊಂದು ತಬ್ಬಿ, ಗಂಟುಕಟ್ಟಿ,
ಯಾರ ಉಪಯೋಗಕ್ಕೂ ಬಾರದೆ ಹೋಗುತ್ತವೆ.

ಎಂಟೂಕಾಲಿಗೆ ಫೋನು, ಎಲ್ ಆಲ್ತೊದಿಂದ, ಮೇಲಿನ ಊರಿನಿಂದ.
ಎಪಿಫಾನಿಯಾ ಚೋಕೆ, ಇಪ್ಪತ್ತಾರು, ಚೊಚ್ಚಲು,
ಮೂವತ್ತನಾಲ್ಕನೇ ವಾರ. ಒತ್ತಡ ನೂರೆಪ್ಪತ್ತರ ಮೇಲೆ.
ಬಲಪಕ್ಕೆಯಡಿ ನೋವು; ತಿಂದದ್ದು ಆಗಿಬರಲಿಲ್ಲವೆಂದು
ಮೂರು ದಿನ ಕೋಕಾ ಎಲೆ ಕುದಿಸಿ ಕುಡಿದು ಕೂತಿದ್ದಳಂತೆ.
ಬೆಳಿಗ್ಗೆ ತೊಂಬತ್ತು ಸಾವಿರ, ಮಧ್ಯಾಹ್ನ ಐವತ್ತೆಂಟು,
ಈಗ ಇಪ್ಪತ್ತೆರಡು.
ಅಂಕಿ ಹೇಳಿ ಡಾಕ್ಟರು ಸುಮ್ಮನಾದರು.

ಇವುಗಳ ಜಾತಕ ಇಷ್ಟು:
ಮಜ್ಜೆಯಲ್ಲೊಂದು ದೊಡ್ಡ ತಾಯಿಕಣ
ತನ್ನನ್ನೇ ಚೂರುಚೂರು ಹರಿದು ಹೊಳೆಗೆ ಬಿಡುತ್ತದೆ.
ಚೂರಿಗೆ ಬೀಜವಿಲ್ಲ, ಮರಿ ಹಾಕದು, ಎಂಟ್ಹತ್ತು ದಿನದ ಬಾಳು.
ನಾಳದ ಗೋಡೆಗುಂಟ ಬೀಟು ತಿರುಗುತ್ತ
ಎಲ್ಲಿ ಗೀರು ಬಿತ್ತೋ ಅಲ್ಲಿ ಕೈಕಾಲು ಚಾಚಿ,
ಪಕ್ಕದವರನ್ನು ಕೂಗಿ ಕರೆದು,
ತಾವೇ ಕಟ್ಟೆಯಾಗಿ ಕೂರುವುದು.

ಬಸುರಿಯಲ್ಲಿ ಅಷ್ಟಿಷ್ಟು ಇಳಿಯುವುದುಂಟು;
ರಕ್ತ ಹಿಗ್ಗುತ್ತದೆ, ಪಾಲು ತೆಳ್ಳಗಾಗುತ್ತದೆ.
ಎಪಿಫಾನಿಯಾಳದು ಅದಲ್ಲ.
ಮಾಸು ಸರಿಯಾಗಿ ಬೇರೂರದೆ, ಉಸಿರು ಸಾಲದೆ,
ಅವಳ ನೆತ್ತರಿಗೆ ಏನನ್ನೋ ಒರಲುತ್ತದೆ.
ಮೈತುಂಬ ನಾಳಗಳ ಒಳಪದರ ಬೆಚ್ಚುತ್ತದೆ.
ಗಾಯವೇ ಇಲ್ಲದಲ್ಲಿ ಇವು ಕಟ್ಟೆ ಕಟ್ಟುತ್ತವೆ,
ಈಲಿಯ ಎಳೆನಾಳಗಳಲ್ಲಿ, ಮೂತ್ರಪಿಂಡದ ಜಾಲರಿಯಲ್ಲಿ.
ಬೇಲಿ ಎದ್ದು ಹೊಲ ಮೇಯ್ದಿತು ಅನ್ನಬಹುದು.
ನಾನು ಅನ್ನುವುದಿಲ್ಲ.
ಸುಳ್ಳು ಕೂಗಿಗೆ ಓಡಿಹೋಗಿ ಸತ್ತವು ಇವು;
ಇನ್ನೇನು ಹೊಟ್ಟೆ ಕೊಯ್ಯುವಾಗ, ನಿಜವಾದ ಗಾಯದ ಬಳಿ
ನಿಲ್ಲಲು ಯಾರೂ ಉಳಿದಿಲ್ಲ.

ದಾರಿ ಬಂದ್. ಬಂಡೆ, ಟೈರು, ಬೆಂಕಿ.
ಉಳಿದದ್ದು ತಂತಿಯ ಮೇಲಿನ ಡಬ್ಬಿ, ಹನ್ನೊಂದರವರೆಗೆ.
ಕಾವಲಿನ ಕ್ಲೆಟೊ ಐಸ್ ಪೆಟ್ಟಿಗೆ ತಂದ.
ಐಸ್ ಬೇಡ ಮಾರಾಯ, ಚಳಿಗೆ ಇವು ಉಳಿಯುವುದಿಲ್ಲ,
ನಮ್ಮ ಕೋಣೆಯಷ್ಟೇ ಇರಬೇಕು ಲೋಕ.
ಅಂಗಿಯ ಮೇಲೆ, ಸ್ವೆಟರಿನ ಕೆಳಗೆ,
ಅಮ್ಮನ ಪಟ್ಟೆಪಟ್ಟೆ ಅಗ್ವಾಯೊ ಬಟ್ಟೆ ಬಿಗಿದು
ಚೀಲ ಹೊತ್ತು ಹೊರಟೆ, ತುಸು ತೊನೆಯುತ್ತ.

ಕೆಂಪು ಮಾರ್ಗದ ಡಬ್ಬಿಯಲ್ಲಿ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು.
"ಎಷ್ಟು ತಿಂಗಳು?"
ನಾಲ್ಕನೇ ದಿನ, ಅಂದುಬಿಟ್ಟೆ.
ನಿಜ ಅದು. ಐದು ದಾಟಿದರೆ ಚೆಲ್ಲಬೇಕು.
ನನಗೂ ಒಮ್ಮೆ ಐದು ತುಂಬಿತ್ತು. ಅದು ಬೇರೆ ಲೆಕ್ಕ.
ಅವಳು ಮುಖ ನೋಡಿದಳು, ಮತ್ತೇನೂ ಕೇಳಲಿಲ್ಲ,
ಅವಳ ಒರಟು ಕೈ ಬಂದು ಚೀಲದ ಮೇಲೆ ಕೂತಿತು.
ಕೆಳಗೆ ಸ್ಮಶಾನದ ಗೂಡುಗಳು, ಆಮೇಲೆ ದೀಪ, ಬರೀ ದೀಪ.

ವಾರ್ಡಿನ ಬಾಗಿಲಲ್ಲಿ ಎಪಿಫಾನಿಯಾಳ ಅವ್ವ.
ಬಿಚ್ಚಿದ್ದನ್ನು ಕಂಡು ಹುಬ್ಬು ಗಂಟಿಕ್ಕಿದಳು:
"ರಕ್ತ ತರ್ತೀವಿ ಅಂದ್ರಿ. ಇದು ಹಳದಿ."
ಏನು ಹೇಳಲಿ? ಮಿನಿಬಸ್ಸಿಗೆ ನೇತಾಡಿ ಊರುಗಳ ಹೆಸರು ಕೂಗುವ
ಎವಾರಿಸ್ತೊ ಎರಡು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಕೂತದ್ದನ್ನೇ?
ರಕ್ತದ ಹೊಲಿಗೆ ಇದು, ಅಂದೆ.
ನೇಯುವವಳು ಆಕೆ. ಬೆರಳಲ್ಲಿ ಒಮ್ಮೆ ಒತ್ತಿ ನೋಡಿ
ಬಿಟ್ಟುಕೊಟ್ಟಳು.

ಚೀಲ ಒಳಗಿಳಿಯುತ್ತಿರುವಾಗಲೇ ಕೊಯ್ದರು.
ಹೆಣ್ಣು. ಎರಡು ಕಿಲೋಗೆ ಮುನ್ನೂರು ಗ್ರಾಂ ಕಡಿಮೆ. ಅತ್ತಿತು.
ಮಾಸು ಹೊರಬಿದ್ದ ಮೇಲೂ ತಾಯಿಯ ಎಣಿಕೆ
ಎರಡು ದಿನ ಅಲ್ಲೇ ತಡವರಿಸಿತಂತೆ,
ಮೂರನೇ ಬೆಳಿಗ್ಗೆ ಅರವತ್ತೊಂದು.
ಫೋನಿನಲ್ಲಿ ನನಗೆ ದಕ್ಕಿದ್ದು ಅಷ್ಟೇ.

ಆ ರಾತ್ರಿ ಡಬ್ಬಿಗಳು ನಿಂತುಹೋಗಿದ್ದವು, ಮೆಟ್ಟಿಲು ಹಿಡಿದು ಇಳಿದೆ.
ಹೊಟ್ಟೆಯ ಮೇಲೆ ಒಂದು ಕಡೆ ಮಾತ್ರ ಚಳಿ.
ಬಂದು ನೋಡಿದರೆ ತಟ್ಟೆ ತೂಗುತ್ತಲೇ ಇದೆ,
ಮೇಲೆ ಏನೂ ಇಲ್ಲ.
ಆರಿಸಲು ಕೈ ಹೋಯಿತು.
ಒಂಬತ್ತಕ್ಕೆ ಯಾರೋ ಬರುತ್ತಾರಂತೆ, ತೋಳು ಕೊಡಲು.
ಬಿಟ್ಟೆ.