ಕುರ್ಚಿ ಹೊತ್ತ ಹೊತ್ತು

ಒಂದಕ್ಕೆ ಇನ್ನೂರು: ನನ್ನ ನಕ್ಷೆಯ ಅಳತೆ.
ಇಡೀ ಪೀಪಾಯಿಗಾರರ ಬೀದಿ,
ಮೂಲೆಯ ಬ್ರೆಡ್ಡಿನಂಗಡಿಯಿಂದ ಟ್ರಾಮ್ ಕಂಬಿಯವರೆಗೆ,
ಒಂದು ಊಟದ ಮೇಜಿನ ಮೇಲೆ ಹಿಡಿಸುತ್ತದೆ.
ಮರಕ್ಕೊಂದು ಹಸಿರು ಸೊನ್ನೆ. ಬೆಂಚಿಗೊಂದು ಗೆರೆ.
ಕಾರಿಗೆ ಏನೂ ಇಲ್ಲ; ಅಳಿಸಿದ್ದೇನೆ.

ಏಪ್ರಿಲ್ಲಿನ ಶನಿವಾರ. ಬಾರ್ಸಿಲೋನಾದಲ್ಲಿ, ಕಡಲ ಕಡೆಗೆ,
ಹಳೆಯ ನೂಲಿನ ಗಿರಣಿಗಳ ಆ ಕೇರಿಯಲ್ಲಿ
ನಗರಸಭೆಯ ಹಳದಿ ಜಾಕೆಟ್ಟು ತೊಟ್ಟು
ಡಾಂಬರಿನ ಮೇಲೆ ಸೀಮೆಸುಣ್ಣ ಎಳೆಯುತ್ತಾ ಹೋದೆ,
ಕಾಗದದಲ್ಲಿದ್ದುದನ್ನೆಲ್ಲ ಇನ್ನೂರು ಪಟ್ಟು ಹಿಗ್ಗಿಸಿ.
ಮಕ್ಕಳು ಬೆನ್ನಹಿಂದೆಯೇ ಬಂದವು,
ನಾನು ಬರೆದ ಮರದೊಳಗೆ ಒಂಟಿ ಕಾಲಲ್ಲಿ ನಿಂತವು.

ದೊಡ್ಡವರು ಆಮೇಲೆ ಬಂದರು.
ಬಡಗಿ ಎವ್ದಾಲ್: ಹಲಗೆಯ ಲಾರಿ ಎಲ್ಲಿ ನಿಲ್ಲಲಿ, ನಿಮ್ಮ ಹೂಕುಂಡದಲ್ಲೇ?
ಎಕ್ವಡಾರಿನ ವಿಲ್ಮರ್, ಬಸ್ಸು ಓಡಿಸುವವ:
ಬೆಳಗಿನ ಜಾವ ನಾಲ್ಕಕ್ಕೆ ಏಳುವವನ ಕಾರು
ಈ ಸೊನ್ನೆಗಳಲ್ಲಿ ಯಾವುದು?
ಹಸ್ನಾ ಕೇಳಿದ್ದು ಇಷ್ಟೇ:
ಒಂದು ನಲ್ಲಿ. ಮಕ್ಕಳ ಬಾಯಿಗೆ ಎಟುಕುವಷ್ಟು ಎತ್ತರದ್ದು.
ಮೀನಿನ ಕಟ್ಟೆಯಲ್ಲಿ ಮೂವತ್ತು ವರ್ಷ ನಿಂತ ರೆಮೇಯ್
ತೋಳು ಕಟ್ಟಿ ಹೇಳಿದಳು: ಬೆಂಚು ಬೇಡ.
ನೆರಳು? ಬೇಕು. ಬೆಂಚು ಬೇಡ.
ನಕ್ಕು ಬರೆದುಕೊಂಡೆ:
ಆಕ್ಷೇಪಣೆ, ಒಂದು.

ಅವಳು ನಗಲಿಲ್ಲ. ಹದಿನಾಲ್ಕನೇ ನಂಬರಿನ ಮೆಟ್ಟಿಲು ಹತ್ತಿಸಿದಳು,
ಐವತ್ತೆಂಟು, ಬಾಯಿಬಿಟ್ಟು ಎಣಿಸುತ್ತಾ.
ಅಡುಗೆಮನೆಯ ಮೇಜು. ಆಲಿವ್ ಬಟ್ಟಲ ಕೆಳಗೆ ಒಂದು ಕಾಗದ:
ಕಟ್ಟಡ ಮಾರಾಟಕ್ಕಿದೆ. ಬಾಡಿಗೆ ಕರಾರು ಮುಂದುವರಿಯದು.
ಸಹಿಯ ಜಾಗದಲ್ಲಿ ಮನುಷ್ಯನ ಹೆಸರಿಲ್ಲ, ಮೂರು ಅಕ್ಷರ,
ಯಾರೂ ಎತ್ತದ ಒಂದು ಫೋನ್ ನಂಬರು.
ಜೊತೆಗೆ ನುಣುಪು ಹಾಳೆಯ ಒಂದು ಜಾಹೀರಾತು,
ಕೊಳ್ಳುವವರಿಗೆ:
*ಕಾರಿಲ್ಲದ, ಹಸಿರು, ಪ್ರಶಾಂತ ಬೀದಿಗೆ ಎದುರು.*
ಅದರಲ್ಲಿ ನನ್ನ ನಕ್ಷೆ.
ನನ್ನ ಸೊನ್ನೆಗಳು, ನನ್ನದೇ ಹಸಿರು.

ಇನ್ನೂ ನೆಡದ ಮರ ಆಗಲೇ ಬೆಲೆಗೆ ಸೇರಿತ್ತು.

ಬೀದಿಗೆ ಇಳಿಯುವುದು ಬೇರೆ, ಮಗಳೇ, ಎಂದಳು,
ಬೀದಿಗೆ ಬೀಳುವುದು ಬೇರೆ.
ಚಿಕ್ಕಂದಿನಲ್ಲಿ ನೋಡಿದ್ದೇನೆ,
ಬೇಸಿಗೆಯ ಸಂಜೆ ಎಲ್ಲರೂ ಕುರ್ಚಿ ಹೊತ್ತು ಇಳಿಯುವ ಹೊತ್ತು.
ತಂಗಾಳಿ ತಿಂದು, ಪರರ ಸಂಸಾರವನ್ನೂ ಒಂದಿಷ್ಟು ತಿಂದು,
ಹನ್ನೊಂದಕ್ಕೆ ಮತ್ತೆ ಹೊತ್ತು ಹತ್ತುತ್ತಿದ್ದರು.
ಬೆಂಚು ಬಿಡು, ಅದು ಯಾರದ್ದೂ ಅಲ್ಲ, ಮಳೆಯಲ್ಲೂ ಅಲ್ಲೇ.
ಕುರ್ಚಿಗೆ ವಾಪಸು ಹೋಗಲು ಮನೆ ಬೇಕು.

ಅಲ್ಲಿಂದ ಎವ್ದಾಲನ ಮರದ ಹೊಟ್ಟಿನ ನಡುವೆ ಸಭೆಗಳು.
ಹನ್ನೆರಡೋ, ಹದಿಮೂರೋ.
ಮೊದಲು ಕೊಳ್ಳುವ ಹಕ್ಕು ನಗರಸಭೆಗಂತೆ, ಗಡುವು ಎರಡು ತಿಂಗಳು.
ನನ್ನದೇ ಕಚೇರಿಯ ಮೂರನೇ ಮಹಡಿಗೆ
ಹಳದಿ ಜಾಕೆಟ್ಟು ಕಳಚಿಟ್ಟು, ಅರ್ಜಿದಾರಳಾಗಿ ಹೋದೆ.
ಸರತಿಯಲ್ಲಿ ನಿಂತೆ.
ವಿಲ್ಮರ್ ಕೂತಲ್ಲೇ ತೂಕಡಿಸಿದ, ಕೈ ಎತ್ತುವಾಗ ಮಾತ್ರ ಎದ್ದ.

ಹದಿನಾಲ್ಕು ಉಳಿಯಿತು. ಹನ್ನೊಂದು ಮನೆ.
ಹದಿನಾರು ಉಳಿಯಲಿಲ್ಲ.
ನಲ್ಲಿ ಬಂತು, ನಕ್ಷೆಯಲ್ಲಿದ್ದಲ್ಲೇ, ಮಕ್ಕಳ ಎತ್ತರಕ್ಕೇ.
ಹಸ್ನಾ ಈಗ ಗುಡ್ಡದಾಚೆ, ಮೂರು ಮೆಟ್ರೋ ಬದಲಿಸಿದರೆ.
ಅದರಲ್ಲಿ ಬೇರೆ ಯಾರದೋ ನಾಯಿ ನೀರು ಕುಡಿಯುತ್ತದೆ.
ಅದನ್ನು ಹೇಗೆ ಬರೆಯಲಿ, ಯಾವ ಅಳತೆಗೆ?

ಜೂನ್. ಸಸಿಗಳಿನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿವೆ,
ನೆರಳು ಅಂಗೈಯಗಲ.
ಅಷ್ಟರಲ್ಲೇ ಕುರ್ಚಿ ಹಾಕಿ ಕೂತಿದ್ದಳು ರೆಮೇಯ್.
ನಿಂತೇ ಮಾತಾಡುವುದು ಯಾವ ಸಂಪತ್ತಿಗೆ?
ಮೇಲೆ ಇನ್ನೊಂದಿದೆ, ಹೋಗಿ ತಾ.

ಹತ್ತಿದೆ. ನಲವತ್ತರ ಹತ್ತಿರ ಎಣಿಕೆ ತಪ್ಪಿತು.
ಬಾಗಿಲು ತೆರೆದೇ ಇತ್ತು.
ಗೋಡೆಗೆ ಒರಗಿಸಿಟ್ಟ ಹುಲ್ಲುಹೆಣಿಗೆಯ ಕುರ್ಚಿ,
ನಾಲ್ಕು ಕಾಲಿಗೂ ಹಳೆಯ ಕಾಲುಚೀಲ:
ಎರಡನೇ ಮಹಡಿಯಲ್ಲಿ ವಿಲ್ಮರ್ ಮಲಗಿರುತ್ತಾನೆ,
ಮೆಟ್ಟಿಲಿಗೆ ತಾಗಿದರೂ ಸದ್ದಾಗಬಾರದು.