ಒದ್ದೆ ಜಾಗ

ಎರಡು, ಎರಡು. ಐದನೆಯದೇ ಕೊನೆ.
ಗೆದ್ದವರು ಮುಂದಕ್ಕೆ, ಸೋತವರು ಮೀನು ಹಿಡಿಯಲಿಕ್ಕೆ:
ಗೇಟು ಕಾಯುವ ಸ್ತಾಸಿಸ್‌ನ ಮಾತು.

ನಾನು ಬುಟ್ಟಿಯ ಕೆಳಗೆ ಕೂರುವವಳು.
ಒಂದು ಸ್ಟೂಲು, ಉದ್ದ ಕೋಲು, ಕೋಲಿನ ತುದಿಗೆ ಬಟ್ಟೆ.
ಯಾರಾದರೂ ಬಿದ್ದರೆ ಓಡುತ್ತೇನೆ, ಎತ್ತಲಿಕ್ಕಲ್ಲ,
ಬಿದ್ದವರು ಬಿಟ್ಟುಹೋದ ಬೆವರು ಒರೆಸಲಿಕ್ಕೆ.
ಇಪ್ಪತ್ತಾರು ವರ್ಷ ಅಗಸೆನಾರಿನ ಗಿರಣಿಯಲ್ಲಿ
ಎಳೆ ಕಡಿದದ್ದನ್ನು ಹುಡುಕಿದ ಕಣ್ಣು.
ಪನೆವೆಜಿಸ್‌ನ ಆ ಗಿರಣಿ ಮುಚ್ಚಿತು. ಈಗ ನೆಲ ನೋಡುತ್ತೇನೆ.
ಆಟವೆಂದರೆ ನನಗೆ ಮೊಣಕಾಲಿನಿಂದ ಕೆಳಗೆ.

ಒಂದು ನಿಮಿಷ ನಲವತ್ತು ಸೆಕೆಂಡು ಉಳಿದಿತ್ತು.
ನಮ್ಮದು ಎಪ್ಪತ್ತೊಂದು, ಅವರದು ಎಂಬತ್ತು.
ಮೇಲಿನ ಸಾಲಿನವರು ಕೋಟು ತೊಟ್ಟರು,
ಕೊನೆಯ ಬಸ್ಸು ತಪ್ಪಬಾರದಲ್ಲ.
ಕ್ಲೈಪೆಡಾದ ಬಂದರಿನವರು ಮೂಲೆಯಲ್ಲಿ ಡೋಲು ಬಡಿಯುತ್ತ
ಇನ್ನೂ ಕೈಗೆ ಬಾರದ ಹಬ್ಬವನ್ನು ಉಣ್ಣತೊಡಗಿದ್ದರು.

ವೈದೋತಸನ ಬೂಟು ನನಗೆ ಗೊತ್ತು,
ಎಡಕ್ಕೆ ಬಿಳಿ ಲೇಸು, ಬಲಕ್ಕೆ ಹಸಿರು.
ಮೂವತ್ತೇಳರ ಮೊಣಕಾಲು, ಮಧ್ಯಾಹ್ನವಿಡೀ ಐಸು ಕಟ್ಟಿದ್ದು.
ಆ ಬೂಟು ಆಚೆ ತುದಿಯ ಗೆರೆಯ ಹಿಂದೆ ನಿಂತಿತು.
ನೆಲ ಬಿಟ್ಟಿತು.
ನಾನು ತಲೆಯೆತ್ತಲಿಲ್ಲ. ನನ್ನ ಸ್ಟೂಲು ನಡುಗಿತು:
ಎಪ್ಪತ್ತನಾಲ್ಕು.

ಅವರು ಚೆಂಡು ಒಳಗೆಸೆಯುವಷ್ಟರಲ್ಲಿ
ಕುಳ್ಳ ಐಮಂತಸ್ ಬೆಕ್ಕಿನ ಹಾಗೆ ಅಡ್ಡ ಬಂದು
ಕಸಿದ, ಹಾಕಿಯೂ ಹಾಕಿದ.
ಕೋಟು ತೊಟ್ಟವರು ಕೋಟಿನಲ್ಲೇ ಕೂತರು.
ಆಮೇಲೆ ಯಾರೋ ಯಾರ ಕೈಗೋ ಹೊಡೆದು, ಸೀಟಿ, ಎರಡು ಪುಕ್ಕಟೆ ಎಸೆತ.
ಎಪ್ಪತ್ತೇಳು. ಎಪ್ಪತ್ತೆಂಟು.
ಮೂವತ್ತೊಂದು ಸೆಕೆಂಡು.

ಆಗ ಬಿದ್ದ ಇಂದುಲಿಸ್, ರೀಗಾದ ಹುಡುಗ,
ಅವರ ಕಡೆಯ ಎರಡು ಮೀಟರು ಏಳರ ಮರ,
ನನ್ನ ಬುಟ್ಟಿಯ ಎದುರಿಗೇ, ಬೆನ್ನಡಿಯಾಗಿ.
ಚೆಂಡು ಹೊರಗೆ ಹೋಯಿತು, ಆದರೆ ಅವರದೇ.
ಹನ್ನೊಂದು ಸೆಕೆಂಡು.
ಅವನೆದ್ದ ಮೇಲೂ ಅವನ ಬೆನ್ನು ನೆಲದಲ್ಲೇ ಇತ್ತು,
ಹೊಳೆಯುತ್ತ.

ರೆಫರಿ ಬೆರಳು ತೋರಿಸಿದ. ಓಡಿದೆ.
ಮೊದಲ ಸಾಲಿನಿಂದ ಪರಿಚಯದ ಗಂಟಲು:
"ದಾಂಗುವೊಲೆ, ಸ್ವಲ್ಪ ಬಿಡೇ! ಅಂಗೈಯಗಲ ಬಿಡು ಸಾಕು!"
ಸುತ್ತ ನಗು.
ಬಿಡಬಹುದಿತ್ತು. ಬೆವರಿಗೆ ಸಾಕ್ಷಿ ಯಾರು?
ನನ್ನದೂ ಇದೇ ಊರು.
ನನಗೂ ಬೇಕಿತ್ತು, ಹಲ್ಲು ನೋಯುವಷ್ಟು ಬೇಕಿತ್ತು.

ಒರೆಸಿದೆ. ಒಮ್ಮೆ ಅಡ್ಡ, ಒಮ್ಮೆ ಉದ್ದ.
ಸಾಲದೆ, ಮಂಡಿಯೂರಿ ಅಂಗೈಯಿಟ್ಟು ನೋಡಿದೆ,
ಮಗುವಿನ ಹಣೆಯಲ್ಲಿ ಜ್ವರ ನೋಡುವ ಹಾಗೆ.
ಒಣಗಿತ್ತು.

ಅದೇ ಜಾಗದಿಂದ ಹಾರಿದ. ಜಾರಲಿಲ್ಲ.
ಚೆಂಡು ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಬಂದು,
ಒಳಗೆ ಇಣುಕಿ,
ಒಲೆಯ ಮೇಲೆ ಏನೋ ಮರೆತುಬಂದವಳಂತೆ
ಹೊರಗೆ ಇಳಿಯಿತು.

ಬಿಳಿ ಲೇಸು, ಹಸಿರು ಲೇಸು
ನನ್ನಿಂದ ದೂರ ದೂರ ಓಡಿದವು.
ಊರಿಗೆ ಊರೇ ಹಿಂದಕ್ಕೆ ಎಣಿಸುತ್ತಿತ್ತು: ನಾಲ್ಕು, ಮೂರು,
ಒಂದರಲ್ಲಿ ಎಲ್ಲರ ಬಾಯಿ ಕಟ್ಟಿತು.

ಸ್ಟೂಲು ನಡುಗಲಿಲ್ಲ.
ಇನ್ನೂ ಇಲ್ಲ.
ಆಮೇಲೆ ನನ್ನನ್ನು ಬೀಳಿಸಿಯೇ ಬಿಟ್ಟಿತು.

ರಾತ್ರಿ ಹನ್ನೊಂದೂವರೆ. ಚೆಲ್ಲಿದ ಬಿಯರು, ಕಾಗದದ ಚೂರು,
ಬೆಳ್ಳುಳ್ಳಿ ಸವರಿದ ಕಪ್ಪು ಬ್ರೆಡ್ಡಿನ ಪುಡಿ.
ಹೊರಗೆ ಕಾರುಗಳು ಇನ್ನೂ ಕೂಗುತ್ತಿವೆ.
ಒಳಗೆ ನಾನು, ನೀರಿನ ಬಕೆಟ್ಟು,
ನನ್ನ ಸ್ಟೂಲಿನ ಮೇಲೆ ಅವನು,
ಟವೆಲಿನೊಳಗೆ ತಲೆ.
ಬಸ್ಸು ಕಾಯುತ್ತಿದೆ ಅಂತ ಯಾರೋ ಎರಡು ಸಲ ಕರೆದು ಹೋದರು.
ಅವನ ಭಾಷೆ ನನಗೆ ಬರುವುದಿಲ್ಲ.
ಬಂದರೂ ಏನು ಹೇಳಲಿ? ಒಣಗಿಸಿದ್ದೆನಪ್ಪಾ, ಅಂತಲೇ?

ಬಟ್ಟೆ ಹತ್ತಿರ ಬಂದದ್ದು ಕಂಡು
ಎರಡೂ ಕಾಲು ಎತ್ತಿ ಹಿಡಿದ,
ಯಾವುದೋ ಅಡುಗೆಮನೆಯಲ್ಲಿ ಯಾರೋ ಕಲಿಸಿದ ಹಾಗೆ.
ಒರೆಸಿ ಮುಂದೆ ಹೋದೆ.
ತಿರುಗಿ ನೋಡಿದರೆ ಇನ್ನೂ ಎತ್ತಿಕೊಂಡೇ ಇದ್ದಾನೆ,
ನೆಲ ಆರಲಿ ಅಂತ.