ಏಳನೆಯ ಕಂತು

ಕೊನೆಗೂ ಬಂತು ಮೂರು ಡಿಸ್ಕಿನ ಡಬ್ಬಿ.
ನಾನೂರ ತೊಂಬತ್ತೊಂಬತ್ತು ರೂಪಾಯಿ.
ಮುಖಪುಟದ ಮೇಲೆ ಖಾಕಿ ತೊಟ್ಟ ಮೇಕೆ,
ಕೊರಳಲ್ಲಿ ಮನೆ ನಂಬರಿನ ತಗಡು.
'ಹದಿಮೂರೂವರೆ ಕ್ರಾಸು',
ಗುರುವಾರ ರಾತ್ರಿ ಬರುತ್ತಿದ್ದ ಹುಚ್ಚು.

ನಿಮಗೆ ನೆನಪಿರಲಿಕ್ಕಿಲ್ಲ.
ಶ್ರೀರಾಮಪುರದ ಪೋಸ್ಟ್‌ಮ್ಯಾನ್ ಒಬ್ಬ
ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ
ಇಲ್ಲದ ರಸ್ತೆಗೆ ಬಂದ ಕಾಗದ ಹಿಡಿದು ಅಲೆಯುವ ಕತೆ.
ಬರೀ ಮೆಟ್ಟಿಲು ಬಾಡಿಗೆಗೆ ಕೊಡುವ ಓನರಮ್ಮ,
ಬೆಳಗಿನ ಜಾವ ನೀರಿನ ಬದಲು ತಂತಿ ಸುದ್ದಿ ಬಿಡುವ ನಲ್ಲಿ,
ಕಂದಾಯ ವಸೂಲಿಯ ಮೇಕೆ,
ರಸೀದಿ ಹರಿದು ತಾನೇ ತಿನ್ನುತ್ತಿತ್ತು.
ನಮ್ಮಪ್ಪ "ಇದಕ್ಕೆ ತಲೆಬುಡ ಇಲ್ಲ" ಅಂತ ಅರ್ಧಕ್ಕೇ ಎದ್ದು
ಉಳಿದರ್ಧ ಬಾಗಿಲ ಸಂದಿಯಿಂದ ನೋಡುತ್ತಿದ್ದರು.

ಹನ್ನೆರಡು ಕಂತು ಯಾವುದೋ ಗೋದಾಮಿನಲ್ಲಿ ಸಿಕ್ಕವಂತೆ.
ಏಳನೆಯದು ಎಲ್ಲೂ ಇಲ್ಲ.
ಗಾಂಧಿನಗರದಿಂದ ನೌಷಾದ್ ಅನ್ನುವವನು
ನನ್ನ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಬಂದ.
"ನಿಮ್ಮ ಹತ್ತಿರ ಕ್ಯಾಸೆಟ್ ಇದೆಯಂತಲ್ಲ ಸಾರ್?"

ಇತ್ತು. ಆದರೆ ಪೂರ್ತಿ ಇರಲಿಲ್ಲ.
ಯಾರೂ ಅಳಿಸದಿರಲಿ ಅಂತ ನಾನು ಅದರ ಕಿವಿ ಮುರಿದಿಟ್ಟಿದ್ದೆ,
ಜಲಜಾಕ್ಷಿ ಚಿಕ್ಕಮ್ಮನ ಮದುವೆಯ ವಾರ
ವಿಡಿಯೋದವನಿಗೆ ಖಾಲಿ ಕ್ಯಾಸೆಟ್ ಸಾಲಲಿಲ್ಲ,
ಮುರಿದ ಕಿವಿಯ ತೂತಿಗೆ ಅಪ್ಪ
ಸೆಲ್ಲೋ ಟೇಪ್ ಅಂಟಿಸಿ ಕೊಟ್ಟುಬಿಟ್ಟರು.
ನಾನು ಎರಡು ದಿನ ಊಟ ಬಿಟ್ಟೆ.
ಮದುವೆ ಮನೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಹಾಗಾಗಿ ಈಗ, ಎರಡನೆಯ ಡಿಸ್ಕಿನಲ್ಲಿ,
ಪೋಸ್ಟ್‌ಮ್ಯಾನಿಗೆ ಕಡೆಗೂ ಆ ಮನೆ ಸಿಗುತ್ತದೆ.
ಬಾಗಿಲು ತಟ್ಟುತ್ತಾನೆ.
ಚಿಲಕ ಸರಿಯುವ ಸದ್ದು.
ಪರದೆಯ ತುಂಬ ಒಮ್ಮೆಲೇ ಇರುವೆ ಹರಿದಂತಾಗಿ,
ತೆರೆದ ಬಾಗಿಲಲ್ಲಿ
ಹಸಿರು ಸೀರೆ, ಬಾಸಿಂಗ, ಜಲಜಾಕ್ಷಿ ಚಿಕ್ಕಮ್ಮ.
ಹನ್ನೊಂದು ನಿಮಿಷ, ಅಕ್ಕಿಪೇಟೆಯ ಛತ್ರ.
ಮತ್ತೆ ಇರುವೆ, ಮತ್ತೆ ಮೇಕೆ, ಮುಂದುವರಿಯುವುದು.

ನೋಡಿದ ಹುಡುಗರೆಲ್ಲ ಇದೇ ಅತ್ಯುತ್ತಮ ಕಂತು ಅನ್ನುತ್ತಾರೆ.
ನಿರ್ದೇಶಕ ವೃಷಭೇಂದ್ರರಿಗೆ ಈಗ ಎಪ್ಪತ್ತೊಂಬತ್ತು.
ಬಾಗಿಲ ಹಿಂದೆ ಮೊದಲು ಏನಿತ್ತು ಸಾರ್ ಅಂತ ಕೇಳಿದೆ.
ಬಹಳ ಹೊತ್ತು ಕನ್ನಡಕ ಒರೆಸಿದರು.
"ಮರೆತಿದೆಯಪ್ಪಾ. ಇಷ್ಟು ಚೆನ್ನಾಗಂತೂ ಇರಲಿಲ್ಲ."

ಚಿಕ್ಕಮ್ಮನ ಒಪ್ಪಿಗೆ ಕೇಳಲು ನನಗೆ ಬಾಯಿ ಬರಲಿಲ್ಲ.
ಆ ಮದುವೆ ನಡೆದದ್ದು ಎಂಟೇ ತಿಂಗಳು.
ಫೋಟೋಗಳನ್ನೆಲ್ಲ ಅವಳು ಹಂಡೆಯ ಒಲೆಗೆ ಹಾಕಿದ್ದು
ನಾನೇ ಕಂಡಿದ್ದೆ, ಸ್ನಾನದ ನೀರು ಕಾದಿತ್ತು.
ಆಮೇಲೆ ಟೈಪಿಂಗ್ ಕಲಿತಳು, ಕೋರ್ಟಿನ ಎದುರು ಕೂತಳು,
ಊರಿನವರ ಅಫಿಡವಿಟ್ಟುಗಳನ್ನೆಲ್ಲ
ಮೂವತ್ತು ವರ್ಷ ತಪ್ಪಿಲ್ಲದೆ ಹೊಡೆದಳು.

ನೌಷಾದ್ ನೇರವಾಗಿ ಕೇಳಿದ. ಅವಳು ನೇರವಾಗಿ ಒಪ್ಪಿದಳು,
ಒಂದು ಷರತ್ತು: "ನಡುವೆ ನಾನು ಮಾತಾಡ್ತೀನಿ."

ಎಸ್‌ಪಿ ರೋಡಿನಲ್ಲಿ ಹಳೇ ಪ್ಲೇಯರ್ ಕೊಂಡು ತಂದೆ.
ಮೆನುವಿನಲ್ಲಿ ಕೆಳಗಿಳಿದರೆ ಮೇಕೆ ಅರಚುತ್ತದೆ,
ಇನ್ನೊಂದು ಒತ್ತಿದರೆ ಅವಳ ದನಿ, ಮದುವೆಯ ಓಲಗದ ಮೇಲೆ,
ಯಾರದೋ ದಸ್ತಾವೇಜು ಓದಿದ ಹಾಗೆ:

"ಇವರು ನಮ್ಮಜ್ಜಿ. ಪ್ರಾರ್ಥನೆ ಅಲ್ಲ ಅದು,
ಹೋಳಿಗೆ ಎಣಿಸ್ತಿದಾರೆ.
ಈ ಸರ ಪಕ್ಕದ ಮನೆಯವರದು, ಸಂಜೆ ವಾಪಸ್ ಕೊಟ್ವಿ.
ಹಿಂದೆ ಮುಖ ಊದಿಸ್ಕೊಂಡು ನಿಂತಿರೋನು
ನಮ್ಮಕ್ಕನ ಮಗ. ಯಾಕೋ ಗೊತ್ತಿಲ್ಲ."

ಅಂತರಪಟ ಸರಿಯುತ್ತದೆ.
ಆತನ ಮುಖ ಬರುತ್ತದೆ.
ಅವಳು ಏನೂ ಹೇಳುವುದಿಲ್ಲ.
ನಾನು ಎಣಿಸಿದ್ದೇನೆ, ಒಂಬತ್ತು ಸೆಕೆಂಡು,
ಓಲಗ ಮಾತ್ರ.

ಆಮೇಲೆ, ನಗು ತಡೆಯಲಾರದವಳಂತೆ:
"ಈಗ ನೋಡಿ, ಈಗ...
ಲೈಟು ಹಿಡಿದ ಹುಡುಗ ವೈರಿಗೆ ಎಡವ್ತಾನೆ."

ಎಡವುತ್ತಾನೆ.
ಒಂದು ಗಳಿಗೆ ಎಲ್ಲ ಕತ್ತಲು.
ಕತ್ತಲೊಳಗೆ ಅವಳು ಎರಡು ಸಲ ನಗುತ್ತಾಳೆ,
ಇಪ್ಪತ್ತೆರಡಕ್ಕೊಮ್ಮೆ, ಅರವತ್ತಕ್ಕೊಮ್ಮೆ,
ಯಾವುದು ಯಾವುದೆಂದು
ರಿಮೋಟಿಗೂ ತಿಳಿಯುವುದಿಲ್ಲ.